ತಾನಾಗಿ ಮುಚ್ಚಿಕೊಳ್ಳುವ ನಾಜಲ್ ಮತ್ತು ನಮ್ಮ ನರಸಪ್ಪ ಮೇಷ್ಟ್ರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಕೆಟ್ಟು ನಿಂತ ಯಂತ್ರದ ಮುಂದೆ ಸ್ಪ್ಯಾನರ್ ಹಿಡಿದು ಕುಳಿತವರನ್ನು ‘ಕೆಲಸ ಎಲ್ಲಿ ಕಲಿತಿರಿ’ ಎಂದು ಕೇಳಿದರೆ, ಐವರಲ್ಲಿ ಇಬ್ಬರಾದರೂ ‘ನರಸಪ್ಪ ಮೇಷ್ಟ್ರ ಹತ್ರ’ ಎನ್ನುತ್ತಾರೆ. ಸಂಸ್ಥೆಯ ಹೆಸರು ಆಮೇಲೆ ಬರುತ್ತದೆ. ಮಧುಗಿರಿಯ ನಮ್ಮ ಕೈಗಾರಿಕಾ ತರಬೇತಿ ಸಂಸ್ಥೆಯ ಫಿಟ್ಟರ್ ವಿಭಾಗದಲ್ಲಿ ಮೂವತ್ತೆರಡು ವರ್ಷ ಬೋಧಿಸಿ, ಕಳೆದ ಮೇ ತಿಂಗಳ ಕೊನೆಯ ದಿನ ನಿವೃತ್ತರಾದ ಶ್ರೀ ನರಸಪ್ಪನವರು ಪದವಿಯಿಂದಾಗಲಿ ಪ್ರಶಸ್ತಿಯಿಂದಾಗಲಿ ದೊಡ್ಡವರಾದವರಲ್ಲ. ಕಬ್ಬಿಣದ ಮುಂದೆಯೂ ಮನುಷ್ಯರ ಮುಂದೆಯೂ ಒಂದೇ ಬಗೆಯ ನೇರ ನಡೆಯನ್ನು ಕೊನೆಯವರೆಗೆ ಉಳಿಸಿಕೊಂಡು ದೊಡ್ಡವರಾದವರು.

ಅವರ ಬೋಧನೆಯ ವಿಷಯವಾಗಿ ಬರೆಯಲು ನನಗಿಂತ ಹಿರಿಯರಿದ್ದಾರೆ. ನಾನು ಅವರ ಶಿಷ್ಯೆ, ಈಗ ಹತ್ತು ವರ್ಷಗಳಿಂದ ಅದೇ ವಿಭಾಗದಲ್ಲಿ ಸಹೋದ್ಯೋಗಿ. ಈ ಸಂಚಿಕೆಯ ಸಂಪಾದಕರು ನನ್ನನ್ನು ಕೇಳಿಕೊಂಡದ್ದು ಡೀಸೆಲ್ ತುಂಬಿಸುವ ನಾಜಲಿನ ಪೇಟೆಂಟ್ ಮೊಕದ್ದಮೆಯ ಬಗ್ಗೆ ಬರೆಯಬೇಕೆಂದು. ಮೇಷ್ಟ್ರ ಅನುಮತಿ ಕೇಳಲು ಹೋದಾಗ ಅವರು, “ಅದ್ನೆಲ್ಲ ದೊಡ್ಡದು ಮಾಡ್ಬೇಡ ಕಣಮ್ಮ ಆಶಾ. ನಡೆದದ್ದು ನಡೆದಂಗೆ ಬರಿ, ಸಾಕು” ಎಂದರು. ಆ ಮಾತಿಗೆ ತಪ್ಪದಂತೆ ಬರೆಯಲು ಪ್ರಯತ್ನಿಸುತ್ತೇನೆ.

ನರಸಪ್ಪನವರು ಮಿಡಿಗೇಶಿಯವರು. ತಂದೆತಾಯಿ ಕುರಿ ಸಾಕಿಕೊಂಡಿದ್ದವರು. ವಂಶದಲ್ಲಿ ಮೊದಲು ಹತ್ತನೇ ತರಗತಿ ದಾಟಿದ ಇವರು, ಫಿಟ್ಟರ್ ತರಬೇತಿ ಮುಗಿಸಿ, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಏಳು ವರ್ಷ ದುಡಿದು, ೧೯೯೩ರಲ್ಲಿ ಬೋಧಕರಾಗಿ ಮಧುಗಿರಿಗೆ ಬಂದರು. ಮುಂದೆ ಬಡ್ತಿಯ ಜೊತೆಗೆ ವರ್ಗಾವಣೆ ಬಂದಾಗಲೆಲ್ಲ ಬಡ್ತಿಯನ್ನೇ ಬಿಟ್ಟುಕೊಟ್ಟು ಇಲ್ಲೇ ಉಳಿದರು. ಅವರ ಶ್ರೀಮತಿ ಶಾಂತಕುಮಾರಿಯವರು ಇದನ್ನು ನಗುತ್ತಲೇ ಹೇಳುತ್ತಾರೆ, ಆದರೆ ಆ ನಗುವಿನಲ್ಲಿ ತುಸು ಆಕ್ಷೇಪಣೆಯೂ ಇರುತ್ತದೆ.

೨೦೧೦ರಲ್ಲಿ ನಾನು ಪುರವರದಿಂದ ಬಸ್ಸು ಹಿಡಿದು ಬಂದು ಫಿಟ್ಟರ್ ವಿಭಾಗಕ್ಕೆ ಸೇರಿದಾಗ ಇಪ್ಪತ್ತೊಂದು ಜನರಲ್ಲಿ ಹುಡುಗಿ ನಾನೊಬ್ಬಳೇ. ಕೆಲಸದ ಮೇಜಿಗೆ ಬಿಗಿದಿದ್ದ, ಕಬ್ಬಿಣವನ್ನು ಕಚ್ಚಿಹಿಡಿಯುವ ವೈಸ್ ನನ್ನ ಎದೆಯ ಮಟ್ಟಕ್ಕಿತ್ತು. ಅರ ಹಿಡಿದು ಉಜ್ಜಲು ಭುಜ ಎತ್ತಬೇಕಾಗಿ, ಒಂದು ವಾರಕ್ಕೇ ತೋಳು ಸೋತುಹೋಯಿತು. ಬಿಟ್ಟುಬಿಡುವ ಯೋಚನೆಯೂ ಬಂದಿತ್ತು. ಎಂಟನೆಯ ದಿನ ನಾನು ಬರುವ ಹೊತ್ತಿಗೆ ಎಲ್ಲ ಮೇಜುಗಳ ಕೆಳಗೂ ಮರದ ಅಡ್ಡಹಲಗೆಯ ಮಣೆಗಳಿದ್ದವು. ಮೇಷ್ಟ್ರು ತರಗತಿಗೆ ಹೇಳಿದ್ದು ಇಷ್ಟೇ: “ಮೊಣಕೈ ಮಟ್ಟಕ್ಕೆ ವೈಸ್ ಇರಬೇಕು. ಯಾರಿಗೆ ಬೇಕೋ ಅವರು ಹತ್ಕೊಳ್ಳಿ.” ನನ್ನ ಹೆಸರು ಎತ್ತಲಿಲ್ಲ. ನನ್ನ ಜೊತೆಗೆ ನಾಲ್ವರು ಹುಡುಗರೂ ಮಣೆ ಹತ್ತಿದರು. ನನಗೊಬ್ಬಳಿಗೇ ಮಾಡಿದ ಉಪಕಾರ ಎಂದು ಅನಿಸದಂತೆ ಉಪಕಾರ ಮಾಡಿದ ಆ ಬಗೆಯನ್ನು, ಬೋಧಕಿಯಾದ ಮೇಲೆ, ನಾನು ಇನ್ನೂ ಕಲಿಯುತ್ತಿದ್ದೇನೆ.

ಮೊಕದ್ದಮೆಯ ಮೂಲ ಆ ವರ್ಷದ ಡಿಸೆಂಬರಿನಲ್ಲಿದೆ. ನಮಗಿಂತ ಎರಡು ವರ್ಷ ಹಿರಿಯನಾದ ಕಿರಣ್ ಕುಮಾರ್ ತರಬೇತಿ ಮುಗಿಸಿ ಕೊರಟಗೆರೆ ತಾಲ್ಲೂಕಿನ ಒಂದು ಕಲ್ಲುಗಣಿಯಲ್ಲಿ ಮೆಕ್ಯಾನಿಕ್ ಆಗಿದ್ದ. ಅಲ್ಲಿ ಅಗೆಯುವ ದೊಡ್ಡ ಯಂತ್ರಗಳಿಗೆ ಡೀಸೆಲ್ ಹಾಕುತ್ತಿದ್ದ ಕ್ರಮ ಎಲ್ಲ ಕಡೆಯಂತೆಯೇ: ಕ್ಯಾನ್ ಹೊತ್ತು ಯಂತ್ರದ ಮೇಲೆ ಹತ್ತುವುದು, ಟ್ಯಾಂಕಿನ ಬಾಯಿಗೆ ಆಲಿಕೆಯಿಟ್ಟು ಸುರಿಯುವುದು. ಒಂದು ಮಧ್ಯಾಹ್ನ ಟ್ಯಾಂಕು ತುಂಬಿದ್ದು ತಿಳಿಯದೆ ಡೀಸೆಲ್ ಹೊರಚೆಲ್ಲಿ, ಕಾದು ಕೆಂಪಾಗಿದ್ದ ಹೊಗೆಕೊಳವೆಯ ಮೇಲೆ ಬಿದ್ದು ಹೊತ್ತಿಕೊಂಡಿತು. ಕಿರಣನ ಎರಡೂ ಕೈಗಳು ಮೊಣಕೈವರೆಗೆ ಸುಟ್ಟವು. ಮೇಷ್ಟ್ರು ಐದು ವಾರ, ವಾರಕ್ಕೆರಡು ಸಲ, ತುಮಕೂರಿನ ಆಸ್ಪತ್ರೆಗೆ ಹೋಗಿಬಂದರು.

ಮೊದಲ ಭೇಟಿಯ ಮರುದಿನವೇ ಕಪ್ಪುಹಲಗೆಯ ಮೇಲೆ ಒಂದು ಪ್ರಶ್ನೆ ಬರೆದರು: ನೆಲದ ಮೇಲೆ ನಿಂತು, ಹನಿಯೂ ಚೆಲ್ಲದೆ, ತುಂಬಿದ ಕೂಡಲೇ ತಾನಾಗಿ ನಿಲ್ಲುವಂತೆ ಡೀಸೆಲ್ ಹಾಕುವುದು ಹೇಗೆ? ಅದು ಪಠ್ಯದಲ್ಲಿರಲಿಲ್ಲ. ಹೊರದೇಶದ ದೊಡ್ಡ ಗಣಿಗಳಲ್ಲಿ ಅಂಥ ಸಲಕರಣೆಗಳಿವೆಯೆಂದು ಅವರೇ ಒಂದು ಪತ್ರಿಕೆ ತಂದು ತೋರಿಸಿದರು. ನಮ್ಮ ಕೆಲಸ, ಪೇಟೆಯಲ್ಲಿ ಸಿಗುವ ಬಿಡಿಭಾಗಗಳಿಂದ, ಎಂಥ ಹಳೆಯ ಯಂತ್ರಕ್ಕೂ ಜೋಡಿಸಬಹುದಾದಂತೆ ಅದನ್ನು ಸಾಧಿಸುವುದು. ನನ್ನ ತರಗತಿಯವನೇ ಆದ ಶಿರಾದ ಚೇತನ್ ಕುಮಾರ್ ಅದರಲ್ಲಿ ಮುಳುಗಿಯೇ ಹೋದ. ಎಂಟು ತಿಂಗಳು ನೀರಿನಲ್ಲಿ ಪರೀಕ್ಷೆ ನಡೆಸಿದೆವು. ಕೊನೆಗೆ ದೊರೆತ ರೂಪ ಸರಳವಾಗಿತ್ತು. ಟ್ಯಾಂಕಿನ ಅಡಿಯಲ್ಲಿ ಒಂದು ಜೋಡಣೆ. ಪಂಪಿನ ಕೊಳವೆಯ ತುದಿಯ ನಾಜಲನ್ನು ಅದಕ್ಕೆ ತಿರುಗಿಸಿ ಸಿಕ್ಕಿಸಿದರೆ ಎರಡೂ ಬಾಯಿ ತೆರೆಯುತ್ತವೆ, ಬಿಚ್ಚಿದರೆ ಎರಡೂ ಮುಚ್ಚುತ್ತವೆ, ಹನಿ ಬೀಳುವುದಿಲ್ಲ. ಟ್ಯಾಂಕಿನ ಮೇಲ್ಭಾಗದಲ್ಲಿ ಗಾಳಿ ಹೊರಹೋಗುವ ರಂಧ್ರದ ಬಳಿ ತೇಲುವ ಒಂದು ಗುಂಡು, ಮೆಕ್ಯಾನಿಕ್‌ಗಳ ಮಾತಿನಲ್ಲಿ ಫ್ಲೋಟ್. ಡೀಸೆಲ್ ಏರಿದಾಗ ಗುಂಡು ಏರಿ ರಂಧ್ರ ಮುಚ್ಚುತ್ತದೆ. ಗಾಳಿಗೆ ದಾರಿಯಿಲ್ಲದೆ ಒತ್ತಡ ಹಿಂದಕ್ಕೆ ಬಂದು ನಾಜಲ್ ತಾನಾಗಿ ನಿಲ್ಲುತ್ತದೆ.

ಕಿರಣ್ ಕುಮಾರ್ ಗುಣವಾಗಿ ಕೆಲಸಕ್ಕೆ ಮರಳಿದಾಗ ಮೊದಲ ನಾಜಲ್ ಅವನ ಗಣಿಗೇ ಹೋಯಿತು. ೨೦೧೨ರ ಜನವರಿಯಲ್ಲಿ ತುಮಕೂರಿನ ಒಂದು ವಸ್ತುಪ್ರದರ್ಶನದಲ್ಲಿ ಅದನ್ನಿಟ್ಟೆವು. ಕೇಳಿದವರಿಗೆಲ್ಲ ಮೇಷ್ಟ್ರು ನಕ್ಷೆಯ ಪ್ರತಿ ಕೊಟ್ಟರು. ಪೇಟೆಂಟ್ ಎಂಬ ಮಾತು ಆಗ ನಮ್ಮಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಚೇತನ್ ಮುಂದೆ ಶಿರಾದಲ್ಲಿ ಒಂದು ವರ್ಕ್‌ಶಾಪ್ ತೆರೆದು ಆ ನಾಜಲುಗಳನ್ನೇ ಮಾಡತೊಡಗಿದ. ಪಾವಗಡದ ಕಡೆ ಸೋಲಾರ್ ಪಾರ್ಕಿನ ಕಾಮಗಾರಿ ಶುರುವಾದಾಗ ಬಲಸಮುದ್ರದ ಸುತ್ತ ನೂರಾರು ಯಂತ್ರಗಳು ಬಂದಿಳಿದವು. ಅವನ ಬಳಿ ಒಂಬತ್ತು ಜನ ಕೆಲಸಗಾರರಾದರು. ಅವರಲ್ಲಿ ಏಳು ಮಂದಿ ನಮ್ಮ ಸಂಸ್ಥೆಯವರೇ. ಹಾಗಿರುವಾಗ, ೨೦೨೧ರ ಆಗಸ್ಟಿನಲ್ಲಿ, ಹೊರರಾಜ್ಯದ ಒಂದು ದೊಡ್ಡ ಕಂಪನಿಯಿಂದ ವಕೀಲರ ನೋಟಿಸು ಬಂತು. ೨೦೧೬ರಲ್ಲಿ ಅರ್ಜಿ ಹಾಕಿ ಪಡೆದ ತಮ್ಮ ಪೇಟೆಂಟನ್ನು ಚೇತನ್ ಉಲ್ಲಂಘಿಸಿದ್ದಾನೆ, ನಾಜಲ್ ತಯಾರಿಕೆ ತಕ್ಷಣ ನಿಲ್ಲಬೇಕು ಎಂಬುದು ಅದರ ಸಾರ.

ಅವನು ನೋಟಿಸು ಹಿಡಿದು ನೇರ ಮೇಷ್ಟ್ರ ಮನೆಗೆ ಬಂದ, ನನ್ನನ್ನೂ ಕರೆಸಿದರು. ಪೇಟೆಂಟಿನ ಇಂಗ್ಲಿಷ್ ಪ್ರತಿಯನ್ನು ಮೇಷ್ಟ್ರು ನಿಘಂಟು ಪಕ್ಕದಲ್ಲಿಟ್ಟುಕೊಂಡು ಮೂರು ಸಂಜೆ ಓದಿದರು. ನಾಲ್ಕನೆಯ ಸಂಜೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು: ಕಂಪನಿ ಹಕ್ಕು ಕೇಳಿರುವುದು ಮೂರು ಸಂಗತಿಗಳ ಮೇಲೆ. ಹನಿ ಬೀಳದ ಜೋಡಣೆ, ತಾನಾಗಿ ನಿಲ್ಲುವ ನಾಜಲ್, ಇವೆರಡನ್ನೂ ಅವರ ಅರ್ಜಿಗೆ ನಾಲ್ಕು ವರ್ಷ ಮೊದಲೇ ನಾವು ಸಾರ್ವಜನಿಕವಾಗಿ ತೋರಿಸಿದ್ದೇವೆ; ಅವು ನಿಲ್ಲಲಾರವು. ಮೂರನೆಯದು, ಇಳಿಜಾರಿನಲ್ಲಿ ನಿಂತ ಯಂತ್ರಕ್ಕಾಗಿ ಟ್ಯಾಂಕಿನ ಎರಡು ಬದಿಗೂ ಒಂದೊಂದು ಫ್ಲೋಟ್ ಇಟ್ಟು ಅವನ್ನು ಕೊಂಡಿಯಿಂದ ಜೋಡಿಸಿದ್ದು. ನಮ್ಮದರಲ್ಲಿ ಇದ್ದದ್ದು ಒಂದೇ ಫ್ಲೋಟ್, ಅದೂ ಮೂಲೆಯಲ್ಲಿ. ಇಳಿಜಾರಿನಲ್ಲಿ ಅದು ಒಮ್ಮೆ ಬೇಗ ಮುಚ್ಚುತ್ತಿತ್ತು, ಒಮ್ಮೆ ತಡವಾಗಿ.

ಆಮೇಲೆ ಚೇತನನ ಕಡೆ ತಿರುಗಿ, “ಏನ್ಲಾ, ನೀನು ಈಗ ಮಾಡೋದ್ರಲ್ಲಿ ಎಲ್ಡು ಫ್ಲೋಟ್ ಐತಲ್ಲ, ಅದು ಹೆಂಗೆ ಬಂತು?” ಎಂದು ಕೇಳಿದರು.

ಚೇತನ್, “ಬಲಸಮುದ್ರದಾಗೆ ಅವ್ರ ಗಾಡಿ ರಿಪೇರಿಗೆ ಬಂದಿತ್ತು ಸಾರ್. ಬಿಚ್ಚಿದಾಗ ನೋಡ್ದೆ. ಚೆಂದಾಗೈತೆ ಅಂತ ಮಾಡ್ಬುಟ್ಟೆ” ಎಂದ.

“ಪೇಟೆಂಟ್ ಐತೆ ಅಂತ ಗೊತ್ತಿತ್ತಾ?”

“ಇಲ್ಲ ಸಾರ್. ಆದ್ರೆ ನಮ್ದಲ್ಲ ಅಂತ ಗೊತ್ತಿತ್ತು.”

“ಅಂಗಾದ್ರೆ ಎಲ್ಡು ನಮ್ದು, ಒಂದು ಅವ್ರದು. ಕೋರ್ಟಿನಾಗೂ ಅಂಗೇ ಹೇಳೋಣ.”

ಚೇತನ್ ಎದ್ದು ನಿಂತ. ಮೇಷ್ಟ್ರ ಮುಂದೆ ಅವನು ದನಿ ಏರಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. “ಮೂರೂ ನಮ್ದೇ ಅಂತ ನೀವೊಂದು ಮಾತು ಅಂದ್ರೆ ಕೇಸು ಮುಗೀತು ಸಾರ್. ನೀವೇ ಅವ್ರ ಕಡೆ ಹೇಳ್ಬುಟ್ರೆ ನಮ್ಮನ್ನ ಯಾರು ಉಳಿಸ್ತಾರೆ? ಒಂಬತ್ತು ಮನೆ ನಡೀತಾವೆ ಅದ್ರಲ್ಲಿ!”

“ನಾನು ಮಾಡದೇ ಇರೋದ್ನ ಮಾಡಿದೆ ಅನ್ನಕ್ಕಾಗಲ್ಲ ಕಣ್ಲಾ” ಎಂದರು ಮೇಷ್ಟ್ರು. ಚೇತನ್ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಶಾಂತಕುಮಾರಿಯವರು ತಂದಿಟ್ಟ ಕಾಫಿ ಹಾಗೇ ಆರಿತು.

ಅದಾದ ಮೂರು ವಾರಗಳಲ್ಲಿ ಕಂಪನಿ ದಾವೆ ಹೂಡಿ, ಬೆಂಗಳೂರಿನ ನ್ಯಾಯಾಲಯದಿಂದ ತಾತ್ಕಾಲಿಕ ತಡೆಯಾಜ್ಞೆ ತಂದಿತು. ವರ್ಕ್‌ಶಾಪಿನಲ್ಲಿ ನಾಜಲ್ ಕೆಲಸ ನಿಂತಿತು. ಚೇತನ್ ನಮ್ಮ ಫೋನನ್ನೂ ತೆಗೆಯುತ್ತಿರಲಿಲ್ಲ. ಮೇಷ್ಟ್ರು ತರಗತಿಗೆ ಎಂದಿನಂತೆ ಬರುತ್ತಿದ್ದರು, ಆದರೆ ಆ ದಿನಗಳಲ್ಲಿ ಅವರು ಒಂದೇ ಬೋಲ್ಟನ್ನು ಎರಡೆರಡು ಸಲ ಅಳೆಯುವುದನ್ನು ನಾನು ನೋಡಿದ್ದೇನೆ.

ಒಂದು ಭಾನುವಾರ ಬೆಳಿಗ್ಗೆ ಅವರು ಯಾರಿಗೂ ಹೇಳದೆ ಶಿರಾ ಬಸ್ಸು ಹತ್ತಿದರು. ಆ ದಿನದ ಸಂಗತಿಯನ್ನು ನನಗೆ ಹೇಳಿದವನು ಚೇತನನೇ. ಕೆಲಸಗಾರರು ಹೊಲ ಉಳುವ ಟ್ರ್ಯಾಕ್ಟರೊಂದರ ಬಿಡಿಭಾಗ ಬಿಚ್ಚಿಕೊಂಡು ಕುಳಿತಿದ್ದರಂತೆ. ಮೇಷ್ಟ್ರು ಒಳಗೆ ಬಂದು, ಅಂಗಿಯ ತೋಳು ಮಡಚಿ, ಅವರ ನಡುವೆ ಕುಳಿತು ಅರ ಕೈಗೆತ್ತಿಕೊಂಡರಂತೆ. ಚೇತನ್ ಎದುರು ಬಂದು ನಿಂತಾಗ ತಲೆಯೆತ್ತಿ, “ಬಾಗಿಲು ತೆಗೆದಿತ್ತು, ಬಂದೆ ಕಣ್ಲಾ. ಕೇಸು ಬೇರೆ, ನೀನು ಬೇರೆ” ಎಂದರಂತೆ. ಸಂಜೆಯವರೆಗೆ ಕೆಲಸ ಮಾಡಿದರು. ಎರಡನೇ ಫ್ಲೋಟಿನ ಮಾತನ್ನು ಅವರು ಎತ್ತಲಿಲ್ಲ. ಬಸ್ ನಿಲ್ದಾಣಕ್ಕೆ ಬಿಡಲು ಬಂದ ಚೇತನನೇ ಎತ್ತಿದ: “ನೀವು ಹೇಳ್ದಂಗೇ ಆಗ್ಲಿ ಸಾರ್. ಎಲ್ಡು ನಮ್ದು, ಒಂದು ಅವ್ರದು.”

ನಮ್ಮ ವಕೀಲೆ ಅಶ್ವಿನಿಯವರು ಶಿರಾದವರೇ, ಬೆಂಗಳೂರಿನಲ್ಲಿ ವೃತ್ತಿ. ನಮ್ಮ ನಿರ್ಧಾರ ಕೇಳಿ ಅವರು ಗಾಬರಿಯಾಗುತ್ತಾರೆಂದು ನಾನು ಅಂಜಿದ್ದೆ. ಅವರು ಯೋಚಿಸಿ ಹೇಳಿದ್ದು ಬೇರೆ: “ಒಪ್ಪಬೇಕಾದ್ದನ್ನು ನಾವೇ ಮೊದಲು ಒಪ್ಪಿದರೆ, ಉಳಿದದ್ದನ್ನು ನಂಬ್ತಾರೆ. ಆದ್ರೆ ಉಳಿದದ್ದಕ್ಕೆ ಕಾಗದ ಬೇಕು. ತಾರೀಖು ಇರೋ ಕಾಗದ.”

ಪ್ರದರ್ಶನದಲ್ಲಿ ಹಂಚಿದ ನಕ್ಷೆಯ ಒಂದು ಪ್ರತಿಯೂ ಸಿಗಲಿಲ್ಲ. ಆಗ ನನಗೆ ನೆನಪಾದದ್ದು ನನ್ನ ಪ್ರಾಯೋಗಿಕ ದಾಖಲೆಯ ಪುಸ್ತಕ. ಪುರವರದ ಮನೆಗೆ ಓಡಿದೆ. ನನ್ನ ತಾಯಿ ರಾಜಲಕ್ಷ್ಮಮ್ಮ ಅಟ್ಟದಿಂದ ಗೋಣಿಚೀಲ ಇಳಿಸಿದರು. ಹೊದಿಕೆಯನ್ನೂ ಮೊದಲ ಹನ್ನೊಂದು ಪುಟಗಳನ್ನೂ ಗೆದ್ದಲು ತಿಂದಿತ್ತು. ಮೂವತ್ತನಾಲ್ಕನೇ ಪುಟದಲ್ಲಿ ನಾಜಲಿನ ನಕ್ಷೆ, ಅಳತೆಗಳು, ಕೆಳಗೆ ಮೇಷ್ಟ್ರ ರುಜು, ೧೯-೮-೨೦೧೧ ಎಂಬ ತಾರೀಖು, ಎಲ್ಲ ಅಚ್ಚುಕಟ್ಟಾಗಿದ್ದವು. “ಒಲೆಗಾದ್ರೂ ಹಾಕೋಣ ಅಂದ್ಕಂಡಿದ್ದೆ ಕಣಮ್ಮ. ಮೇಷ್ಟ್ರ ರುಜು ಐತಲ್ಲ, ಹೆಂಗೆ ಸುಡೋದು ಅಂತ ಮಡಗಿದ್ದೆ” ಎಂದರು ಅಮ್ಮ. ಆ ಪುಸ್ತಕ ನ್ಯಾಯಾಲಯಕ್ಕೆ ಹೋಯಿತು. ಹಿಂದೆಯೇ ಪ್ರದರ್ಶನದ ಫೋಟೋ ಒಂದು ಸಿಕ್ಕಿತು. ಕಿರಣ್ ಕುಮಾರ್ ತನ್ನ ಗಣಿಯಲ್ಲಿ ೨೦೧೧ರಿಂದ ಅದನ್ನೇ ಬಳಸಿದ್ದಾಗಿ ಸಾಕ್ಷಿ ನುಡಿದ.

ಮೇಷ್ಟ್ರ ಸಾಕ್ಷ್ಯ ನಡೆದದ್ದು ೨೦೨೩ರ ಮಾರ್ಚಿನಲ್ಲಿ, ಸಾಕ್ಷ್ಯ ದಾಖಲಿಸಲು ನ್ಯಾಯಾಲಯ ನೇಮಿಸಿದ್ದ ಆಯುಕ್ತರ ಮುಂದೆ. ಪ್ರಶ್ನೆಗಳು ಇಂಗ್ಲಿಷಿನಲ್ಲಿ, ಉತ್ತರಗಳು ಕನ್ನಡದಲ್ಲಿ, ನಡುವೆ ಒಬ್ಬರು ಭಾಷಾಂತರಿಸುತ್ತಿದ್ದರು. ಕಂಪನಿಯ ವಕೀಲರು ಎರಡು ಗಂಟೆ ಸುತ್ತಿ ಬಳಸಿ ಕೇಳಿದರು. ಮೊದಲೆರಡು ಸಂಗತಿಗಳಲ್ಲಿ ಅವರಿಗೆ ಹಿಡಿ ಸಿಗಲಿಲ್ಲ. ಕೊನೆಗೆ, ಬಲೆಗೆ ಬೀಳಿಸುವ ಪ್ರಶ್ನೆಯೆಂದೇ ಭಾವಿಸಿ, “ಎರಡು ಫ್ಲೋಟುಗಳ ಈ ಜೋಡಣೆಯನ್ನೂ ನೀವೇ ಮೊದಲು ಮಾಡಿದಿರಿ ಎನ್ನುತ್ತೀರಾ?” ಎಂದರು.

ಮೇಷ್ಟ್ರು ಭಾಷಾಂತರಕ್ಕೆ ಕಾಯಲಿಲ್ಲ. “ಇಲ್ಲ ಸ್ವಾಮಿ. ಅದು ಅವರದೇ. ನಮಗೆ ಹೊಳೆದಿರಲಿಲ್ಲ. ಯಾರು ಮಾಡಿದಾರೋ, ಬಲು ಚೆನ್ನಾಗಿ ಮಾಡಿದಾರೆ.”

ವಕೀಲರು ಮುಂದಿನ ಪ್ರಶ್ನೆಗೆಂದು ಹಾಳೆ ತಿರುವಿ, ಮತ್ತೆ ಮಡಚಿಟ್ಟರು.

ಹೊರಗೆ ಪಡಸಾಲೆಯಲ್ಲಿ ಸುಮಾರು ನಲವತ್ತರ ಪ್ರಾಯದ ಒಬ್ಬರು ನಮ್ಮ ಬಳಿ ಬಂದರು. ಕಂಪನಿಯ ಎಂಜಿನಿಯರ್, ಹೆಸರು ಪ್ರಸನ್ನ ಕುಮಾರ್, ಮೂಲತಃ ಮೈಸೂರಿನವರು. “ಆ ಎರಡು ಫ್ಲೋಟ್ ನನ್ನ ಕೆಲಸ ಸಾರ್. ಚೆನ್ನಾಗಿದೆ ಅಂತ ನಮ್ಮ ಕಂಪನಿಯಲ್ಲೇ ಯಾರೂ ಹೇಳಿರಲಿಲ್ಲ” ಎಂದು ಕೈಮುಗಿದರು. ಮೇಷ್ಟ್ರು ಅವರನ್ನು ಅಲ್ಲೇ ಬೆಂಚಿನ ಮೇಲೆ ಕೂರಿಸಿಕೊಂಡು, ಕೊಂಡಿಗೆ ಯಾವ ಲೋಹ ಬಳಸಿದಿರಿ, ಧೂಳಿನಲ್ಲಿ ಸಿಕ್ಕಿಕೊಳ್ಳುವುದಿಲ್ಲವೇ ಎಂದು ವಿಚಾರಿಸತೊಡಗಿದರು. ಎದುರು ಬದುರಿನ ಎರಡು ಕಡೆಯವರು ಹಾಗೆ ಮಾತಾಡುವುದು ಸರಿಯಲ್ಲವೆಂದು ಅಶ್ವಿನಿಯವರು ಬಂದು ಎಬ್ಬಿಸಬೇಕಾಯಿತು.

ಆ ಮೇಲೆ ರಾಜಿಯ ಮಾತು ಮೊದಲೆತ್ತಿದ್ದು ಕಂಪನಿಯೇ. ಮೊದಲೆರಡು ಸಂಗತಿಗಳನ್ನು ಬಿಟ್ಟುಕೊಡುವಂತೆ ಒಳಗೆ ವಾದಿಸಿದವರು ಪ್ರಸನ್ನ ಕುಮಾರರೇ ಎಂದು ಆಮೇಲೆ ತಿಳಿಯಿತು. ೨೦೨೪ರ ಜನವರಿಯಲ್ಲಿ ನ್ಯಾಯಾಲಯ ಜಂಟಿ ಒಪ್ಪಂದವನ್ನು ದಾಖಲಿಸಿತು: ಹನಿ ಬೀಳದ ಜೋಡಣೆಯೂ ತಾನಾಗಿ ನಿಲ್ಲುವ ನಾಜಲೂ ಯಾರು ಬೇಕಾದರೂ ಮಾಡಬಹುದಾದವು, ಎರಡು ಫ್ಲೋಟಿನ ಜೋಡಣೆ ಕಂಪನಿಯದು, ಚೇತನ್ ಅದನ್ನು ಮಾಡತಕ್ಕದ್ದಲ್ಲ. ತಡೆಯಾಜ್ಞೆ ತೆರವಾಯಿತು. ಒಂಬತ್ತು ಜನರಲ್ಲಿ ಒಬ್ಬರೂ ಕೆಲಸ ಬಿಟ್ಟಿರಲಿಲ್ಲ.

ಉಳಿದದ್ದು ಇಳಿಜಾರಿನ ತೊಡಕು. ಮೇಷ್ಟ್ರು ಸಾಕ್ಷಿ ನುಡಿದು ಬಂದ ವಾರದಲ್ಲೇ ಅದನ್ನು ಹೊಸ ತರಗತಿಯ ಮುಂದಿಟ್ಟಿದ್ದರು: ಒಂದೇ ಫ್ಲೋಟ್ ಇರಬೇಕು, ಯಂತ್ರ ಓರೆಯಾಗಿ ನಿಂತರೂ ತಪ್ಪಬಾರದು. ಮಕ್ಕಳು ಬಗೆಬಗೆಯ ಕೊಂಡಿ, ಸ್ಪ್ರಿಂಗುಗಳನ್ನು ಬರೆದು ತಂದರು. ಪಾವಗಡ ತಾಲ್ಲೂಕಿನಿಂದ ಬರುತ್ತಿದ್ದ ಮಧುಶ್ರೀ ಎಂಬ ಹುಡುಗಿ ಏನೂ ಬರೆಯಲಿಲ್ಲ. ಆಕೆ ಒಂದು ಅಗಲವಾದ ತಗಡಿನ ತಟ್ಟೆಗೆ ನೀರು ಹಾಕಿ, ಹಿಂದೆ ಮುಂದೆ ಓರೆ ಮಾಡಿ ನೋಡುತ್ತ ಎರಡು ದಿನ ಕಳೆದಳು. ಮೂರನೆಯ ದಿನ, “ಸಾರ್, ಏರೋದು ಇಳಿಯೋದು ಎಲ್ಲಾ ಅಂಚಿನಾಗೇ. ನಟ್ಟ ನಡುವೆ ನೀರು ಇದ್ದಂಗೇ ಐತೆ” ಎಂದಳು.

ಮೇಷ್ಟ್ರು ತಟ್ಟೆಯನ್ನು ತಾವೇ ಹಿಡಿದು ಓರೆ ಮಾಡಿದರು. ನಾಲ್ಕು ಸಲ ಮಾಡಿದರು. ಆಮೇಲೆ ನಗುತ್ತ ನನ್ನ ಕಡೆ ನೋಡಿ, “ನಾವು ಮೂಲೇಲಿ ತೂತು ಐತೆ ಅಂತ ಮೂಲೇಲೇ ಇಟ್ವಿ. ಹನ್ನೆರಡು ವರ್ಷ ಆಯ್ತು, ನಂಗೆ ಕಾಣ್ಲಿಲ್ಲ ನೋಡಮ್ಮ” ಎಂದರು. ಚೇತನ್ ಬಗ್ಗಿಸಿಕೊಟ್ಟ ಸರಳೊಂದರಿಂದ ಫ್ಲೋಟನ್ನು ಟ್ಯಾಂಕಿನ ನಡುವಿಗೆ ತಂದು, ಮೇಲೆ ತುಸು ಗಾಳಿಗೆ ಜಾಗ ಬಿಟ್ಟರೆ ಸಾಕಾಗಿತ್ತು. ಕೊಂಡಿಯೂ ಬೇಡ, ಎರಡನೇ ಗುಂಡೂ ಬೇಡ.

ಈ ಸಲ ಅಶ್ವಿನಿಯವರು ಮೊದಲೇ ಎಚ್ಚರಿಸಿದರು: ಪೇಟೆಂಟ್ ಅರ್ಜಿ ಸಲ್ಲಿಸುವವರೆಗೆ ಹೊರಗಿನವರಿಗೆ ತೋರಿಸಬೇಡಿ. ತಿಳಿದದ್ದನ್ನೆಲ್ಲ ಕೇಳಿದವರಿಗೆ ಹೇಳಿಬಿಟ್ಟೇ ಮೂವತ್ತು ವರ್ಷ ಕಳೆದಿದ್ದ ನರಸಪ್ಪನವರಿಗೆ ಆ ಆರು ವಾರ ಬಾಯಿ ಬಿಗಿದುಕೊಂಡಿರುವುದು ಮೊಕದ್ದಮೆಗಿಂತ ಕಷ್ಟವಾಯಿತು. ಅರ್ಜಿಯಲ್ಲಿ ಆವಿಷ್ಕಾರ ಮಾಡಿದವರ ಹೆಸರು ಬರೆಯುವ ಜಾಗ ಬಂದಾಗ ಅಶ್ವಿನಿಯವರು ಸಹಜವಾಗಿ ಮೇಷ್ಟ್ರ ಹೆಸರಿನಿಂದ ಶುರು ಮಾಡಿದರು. ಅವರು ತಡೆದು, “ಮೊದ್ಲು ಮಧುಶ್ರೀ ಹೆಸರು ಬರೀರಿ. ಕಂಡಿದ್ದು ಅವಳಿಗೆ. ಆಮೇಲೆ ಚೇತನ್, ಸರಳು ಬಗ್ಗಿಸಿದ್ದು ಅವನು. ಜಾಗ ಉಳಿದ್ರೆ ನಂದು” ಎಂದರು. ಹಾಗೆಯೇ ಬರೆದರು. ಸಣ್ಣ ಗಣಿಗಳವರಿಗೂ ರೈತರಿಗೂ ಅದನ್ನು ಮಾಡಿಕೊಳ್ಳಲು ಅಡ್ಡಿಯಿರಬಾರದೆಂಬ ಷರತ್ತನ್ನು ಮೂವರೂ ಸಹಿ ಹಾಕಿ ಬೇರೆ ಕಾಗದದಲ್ಲಿ ಬರೆದಿಟ್ಟಿದ್ದಾರೆ.

ಅರ್ಜಿ ಸಲ್ಲಿಸಿ, ಮೊಕದ್ದಮೆಯೂ ಮುಗಿದ ಮೇಲೆ ಆ ನಾಜಲಿನ ಮೊದಲ ಪರೀಕ್ಷೆ ಬಲಸಮುದ್ರದ ಬಳಿಯ ಒಂದು ಕಲ್ಲುದಿಬ್ಬದ ಓರೆಯಲ್ಲಿ ನಡೆಯಿತು. ಯಂತ್ರದ ಚಾಲಕ ಆ ಕಡೆಯ ತೆಲುಗು ಬೆರೆತ ಕನ್ನಡದವನು. ನಾಜಲ್ ತಾನಾಗಿ ಟಕ್ಕೆಂದು ನಿಂತಾಗ ಟ್ಯಾಂಕಿನ ಸುತ್ತ ಬಂದು ನೋಡಿ, “ಬಾಗುಂದಿ ಸಾರ್, ಒಂದು ಬೊಟ್ಟೂ ಬೀಳ್ಲಿಲ್ಲ” ಎಂದು, ಒಂದು ಹನಿಯೂ ಚೆಲ್ಲದ್ದನ್ನು ಮೆಚ್ಚಿಕೊಂಡ. ನೋಡಲೆಂದು ಪ್ರಸನ್ನ ಕುಮಾರರೂ ಬಂದಿದ್ದರು. ಅವರು ಬಗ್ಗಿ ಸರಳನ್ನು ಪರೀಕ್ಷಿಸಿ, ತಮ್ಮದಕ್ಕಿಂತ ಇದೇ ಸುಲಭವೆಂದು ಎಲ್ಲರೆದುರು ಒಪ್ಪಿಕೊಂಡರು. ಮಧುಶ್ರೀ ಈಗ ಚೇತನನ ವರ್ಕ್‌ಶಾಪಿನಲ್ಲಿ ಹತ್ತನೆಯವಳಾಗಿ ಕೆಲಸ ಮಾಡುತ್ತಿದ್ದಾಳೆ.

ನಿವೃತ್ತಿಯ ನಂತರ ಏನು ಮಾಡುತ್ತೀರೆಂದು ಕೇಳಿದಾಗ ನರಸಪ್ಪನವರು ಮೇವು ಕತ್ತರಿಸುವ ಯಂತ್ರದ ಮಾತೆತ್ತಿದರು. ವರ್ಷಕ್ಕೆ ಎಷ್ಟೋ ಹೆಂಗಸರ ಬೆರಳು ಅದಕ್ಕೆ ಸಿಕ್ಕಿ ಹೋಗುತ್ತಿವೆ. ಕೈ ಹತ್ತಿರ ಬಂದರೆ ಅಲಗು ನಿಲ್ಲಬೇಕು, ಬೆಲೆ ಏರಬಾರದು, ಇದು ಅವರು ಈಗ ತಮಗೇ ಹಾಕಿಕೊಂಡಿರುವ ಪ್ರಶ್ನೆ. ಶಾಂತಕುಮಾರಿಯವರು, “ಇನ್ನಾದ್ರೂ ಮನೇಲಿರ್ತಾರೆ ಅಂದ್ಕಂಡ್ರೆ ಅಂಗಳದ ತುಂಬಾ ಆಗ್ಲೇ ಕಬ್ಬಿಣ” ಎಂದು ನನ್ನೆದುರು ದೂರು ಹೇಳಿದರು. ಹೇಳುತ್ತಲೇ ಹಳೆಯ ಮೇವಿನ ಯಂತ್ರವನ್ನು ಯಾರ ಮನೆಯಿಂದ ತರಿಸಬಹುದೆಂದೂ ಸೂಚಿಸಿದರು.

ಪೇಟೆಂಟ್ ಕಚೇರಿಯಲ್ಲಿ ಮಧುಶ್ರೀಯ ಹೆಸರಿನಿಂದ ಮೊದಲಾಗುವ ಅರ್ಜಿ ಸರದಿಯಲ್ಲಿದೆ. ಫಲ ಬರಲು ಇನ್ನೂ ಕೆಲವು ವರ್ಷ ಬೇಕು. ಪೇಟೆಂಟ್ ಸಿಕ್ಕಿದ ಪತ್ರ ಬಂದ ದಿನ ಅದನ್ನು ತಮ್ಮ ಕೈಯಾರೆ ಬಿಚ್ಚಿ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಿ, ತಪ್ಪುಗಳಿದ್ದರೆ ಕೆಂಪು ಶಾಯಿಯಲ್ಲಿ ಗುರುತಿಸುವಷ್ಟು ಕಣ್ಣೂ ಕಸುವೂ ನರಸಪ್ಪನವರಿಗಿರಲಿ; ಶಾಂತಕುಮಾರಿಯವರ ಅಂಗಳ ಬಹುಕಾಲ ಖಾಲಿಯಾಗದಿರಲಿ; ಈ ನಾಲ್ಕು ತಾಲ್ಲೂಕುಗಳ ದುಡಿಯುವ ಕೈಗಳು ಅವರ ಮುಂದಿನ ಕೆಲಸಗಳಿಂದ ಇನ್ನಷ್ಟು ಕ್ಷೇಮವಾಗಿರಲಿ ಎಂದು, ಅವರು ಕಲಿಸಿದ ಎಲ್ಲರ ಪರವಾಗಿ, ಕೈಮುಗಿದು ಹಾರೈಸುತ್ತೇನೆ.